ಗಣಕದೊಳಗಿನ ಅವತಾರಕ್ಕೆ ಹಳೆಯ ಕಾಲದ ಉಡುಪು



‘ಅವತಾರ’ ಅಂದೊಡನೆ ನಮಗೆ ದಶಾವತಾರ ನೆನಪಾಗುತ್ತದೆ. ಮೈಗೆಲ್ಲ ಕೆಸರು ಮೆತ್ತಿಕೊಂಡು ಬಂದ ಹುಡುಗನನ್ನು ‘ಏನೋ ಇದು ನಿನ್ನ ಅವತಾರ’ ಎಂದು ಗದರುವಾಗಲೂ ಅದೇ ಮಾತು ಬಾಯಿಗೆ ಬರುತ್ತದೆ. ಈ ಮಾತು ಸುಮಾರು ನಲವತ್ತು ವರ್ಷಗಳಿಂದ ಕಂಪ್ಯೂಟರಿನ ಒಳಗೂ ಚಲಾವಣೆಯಲ್ಲಿದೆ. 1985ರಲ್ಲಿ ಅಮೆರಿಕದ ‘ಅಲ್ಟಿಮಾ’ ಎಂಬ ಆಟದ ನಾಲ್ಕನೆಯ ಭಾಗದ ಹೆಸರಿನಲ್ಲಿ ಅದು ಸೇರಿಕೊಂಡಿತು. 1986ರ ಹೊತ್ತಿಗೆ ಲ್ಯೂಕಾಸ್‌ಫಿಲ್ಮ್ ಸಂಸ್ಥೆಯವರು ‘ಹ್ಯಾಬಿಟಾಟ್’ ಎಂಬ ತಮ್ಮ ಲೋಕದಲ್ಲಿ, ಪರದೆಯ ಮೇಲೆ ನಮ್ಮ ಪರವಾಗಿ ಓಡಾಡುವ ಗೊಂಬೆಯನ್ನು ಅವತಾರ ಎಂದೇ ಕರೆದರು. 1992ರಲ್ಲಿ ನೀಲ್ ಸ್ಟೀಫನ್‌ಸನ್ ಅವರ ‘ಸ್ನೋ ಕ್ರ್ಯಾಶ್’ ಕಾದಂಬರಿ ಬಂದ ಮೇಲೆ ಈ ಅರ್ಥ ಇನ್ನಷ್ಟು ಜನರಿಗೆ ತಿಳಿಯಿತು.

ಅವತಾರ ಎತ್ತಿದ ಮೇಲೆ ಉಡುಪು ಬೇಕಲ್ಲ? ಅದನ್ನು ಸಿದ್ಧಪಡಿಸುವವರು, ಮಾರುವವರು, ಕೊಂಡು ತೊಡುವವರು ಲೋಕದ ನಾನಾ ಕಡೆ ಇದ್ದಾರೆ. ಅವರಲ್ಲಿ ಒಂದು ಗುಂಪಿಗೆ ಹಳೆಯ ಕಾಲದ ಉಡುಪಿನ ಮೇಲೆ ಬಲು ಮೋಹ. 1920ರ, 1940ರ, 1950ರ ದಶಕಗಳಲ್ಲಿ ಯುರೋಪು, ಅಮೆರಿಕಗಳಲ್ಲಿ ಹೆಂಗಸರು ಗಂಡಸರು ತೊಡುತ್ತಿದ್ದ ಬಟ್ಟೆಬರೆಯನ್ನು ಅವರು ತಮ್ಮ ಅವತಾರಕ್ಕೆ ತೊಡಿಸುತ್ತಾರೆ. ಈ ಹೊತ್ತು ಆ ಕಲೆಯ ವಿಚಾರವಾಗಿ ನಾಲ್ಕು ಮಾತು.

ಇವನಿಗೇಕೆ ಇದರ ಉಸಾಬರಿ ಎಂದು ನೀವು ಕೇಳಬಹುದು. ನಾನು ಸೊಲ್ಲಾಪುರದ ಕಡೆಯವನು. ನಮ್ಮ ತಂದೆ ದರ್ಜಿ; ಊರಲ್ಲಿ ಮರಾಠಿಯಲ್ಲಿ ಶಿಂಪಿ ಎನ್ನುತ್ತಿದ್ದರು. ಅವರ ಪಕ್ಕದಲ್ಲಿ ಕುಳಿತು ಕಾಜಾ ಹಾಕುತ್ತ ಕಲಿತ ನಾನು ಮುಂದೆ ಮೂವತ್ತು ವರ್ಷ ಅದೇ ಮಿಷನ್ನು ತುಳಿದೆ. ಹೋದ ದೀಪಾವಳಿಗೆ ಪುಣೆಯಿಂದ ಬಂದ ತಂಗಿಯ ಮಗಳು ಲ್ಯಾಪ್‌ಟಾಪು ತೆರೆದು ಒಬ್ಬ ಹೆಂಗಸನ್ನು ತೋರಿಸಿದಳು. ಕಪ್ಪು ಅಂಗಿ, ಓರೆಯಾಗಿ ಇಟ್ಟ ಟೊಪ್ಪಿಗೆ, ಕೈಗೆ ಗವಸು.

“ಮಾಮಾ, ಈಕಿ 1942ನೇ ಇಸವಿ ಹೆಣ್ಣಮಗಳು. ಹ್ಯಾಂಗ ಕಾಣಸ್ತಾಳ?”

“ಬಟ್ಟಿ ಟೆರಿಲೀನ್ ಹಂಗ ಹೊಳ್ಯಾಕತ್ತೇತಲ್ಲವಾ,” ಅಂದೆ. “ಆಗ ಅಂಗಡ್ಯಾಗ ಟೆರಿಲೀನ್ ಎಲ್ಲಿತ್ತು?”

ಹುಡುಗಿ ಒಂದು ಗಳಿಗೆ ಸುಮ್ಮನಾದಳು. ಆಮೇಲೆ ಕುರ್ಚಿ ಎಳೆದುಕೊಂಡು ಬಂದು ನನ್ನನ್ನೂ ಕೂರಿಸಿದಳು. ಅಂದಿನಿಂದ ಅವಳು ಹಳೆಯ ಫೋಟೋ ಹುಡುಕುವುದು, ನಾನು ದರ್ಜಿಯ ಕಣ್ಣಿನಿಂದ ತಪ್ಪು ತೆಗೆಯುವುದು ನಡೆದಿದೆ.

ಅವಳು ಹೋಗುವ ಲೋಕದ ಹೆಸರು ‘ಸೆಕೆಂಡ್ ಲೈಫ್’, ಅಂದರೆ ಎರಡನೆಯ ಬದುಕು. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದ ಲಿಂಡೆನ್ ಲ್ಯಾಬ್ ಎಂಬ ಸಂಸ್ಥೆ 2003ರ ಜೂನ್ ತಿಂಗಳಲ್ಲಿ ಅದನ್ನು ಸಾರ್ವಜನಿಕರಿಗೆ ತೆರೆಯಿತು. ಫಿಲಿಪ್ ರೋಸ್‌ಡೇಲ್ ಅದರ ಸ್ಥಾಪಕರು. ಅಲ್ಲಿ ಗೆಲ್ಲಬೇಕಾದ ಯುದ್ಧವಿಲ್ಲ, ದಾಟಬೇಕಾದ ಹಂತವಿಲ್ಲ. ಮನೆ, ಬೀದಿ, ಅಂಗಡಿ, ಉಡುಪು ಬಹುಮಟ್ಟಿಗೆ ಎಲ್ಲವನ್ನೂ ಅಲ್ಲಿಗೆ ಬರುವ ಜನರೇ ಮಾಡಿಟ್ಟಿದ್ದಾರೆ. ಚಲಾವಣೆಗೆ ಲಿಂಡೆನ್ ಡಾಲರ್ ಎಂಬ ನಾಣ್ಯವಿದೆ. ಅದರ ಬೆಲೆ ಬಹಳ ವರ್ಷಗಳಿಂದ ಒಂದು ಅಮೆರಿಕನ್ ಡಾಲರಿಗೆ 250ರ ಆಸುಪಾಸಿನಲ್ಲಿದೆ. ಆ ನಾಣ್ಯ ಕೊಟ್ಟು ಕೊಂಡ ಉಡುಪನ್ನು ಅವತಾರಕ್ಕೆ ತೊಡಿಸಬೇಕು. ಕಾಸರಗೋಡಿನ ಕೇಳುಗರಿಗೆ ಯಕ್ಷಗಾನದ ಚೌಕಿ ಗೊತ್ತು, ನಮ್ಮ ಕಡೆಯವರಿಗೆ ದೊಡ್ಡಾಟದ ವೇಷ ಗೊತ್ತು. ಮೊದಲು ಮುಖಕ್ಕೆ ಬಣ್ಣ, ಆಮೇಲೆ ಉಡುಗೆ, ಕಡೆಗೆ ಕಿರೀಟ. ಅಲ್ಲಿಯೂ ಸರಿಸುಮಾರು ಅದೇ ಕ್ರಮ: ಮೊದಲು ಮೈಕಟ್ಟು, ಆಮೇಲೆ ಚರ್ಮ, ಆಮೇಲೆ ಉಡುಪು, ಕೊನೆಗೆ ಕೂದಲು ಮತ್ತು ಟೊಪ್ಪಿಗೆ.

ವ್ಯತ್ಯಾಸ ಒಂದೇ, ಆದರೆ ದೊಡ್ಡದು. ಅಲ್ಲಿನ ಬಟ್ಟೆಗೆ ತೂಕವಿಲ್ಲ.

ನಾವು ಬಟ್ಟೆ ಹೊಲಿಯುವಾಗ ಅರ್ಧ ಕೆಲಸ ಬಟ್ಟೆಯೇ ಮಾಡುತ್ತದೆ. ದಪ್ಪ ಉಣ್ಣೆ ತನ್ನಷ್ಟಕ್ಕೆ ನೆಟ್ಟಗೆ ನಿಲ್ಲುತ್ತದೆ, ತೆಳು ರೇಷ್ಮೆ ಜಾರುತ್ತದೆ. ಅರಿವೆಯನ್ನು ಓರೆಯಾಗಿ, ಅಂದರೆ ನಾವು ದರ್ಜಿಗಳು ಹೇಳುವ ಕ್ರಾಸ್ ಕಟಿಂಗಿನಲ್ಲಿ ಕತ್ತರಿಸಿದರೆ ಅದು ಮೈಗೆ ಅಂಟಿ ಬೀಳುತ್ತದೆ. ಪ್ಯಾರಿಸ್ಸಿನ ಮದಲೆನ್ ವಿಯೊನೆ ಎಂಬಾಕೆ ಓರೆ ಕತ್ತರಿಯಿಂದಲೇ 1920, 30ರ ದಶಕಗಳಲ್ಲಿ ಹೆಸರಾದರು. ಗಣಕದ ಲೋಕದಲ್ಲಿ ಈ ಸಹಾಯ ಯಾವುದೂ ಇಲ್ಲ. 2003ರಲ್ಲಿ ಅಲ್ಲಿ ಉಡುಪು ಎಂದರೆ ಮೈಗೆ ಬಳಿದ ಬಣ್ಣ, ಅಷ್ಟೇ. ಸೊಂಟದಿಂದ ಮೇಲಿನ ಭಾಗಕ್ಕೆ ಒಂದು ಚೌಕದ ಚಿತ್ರ, ಕೆಳಗಿನ ಭಾಗಕ್ಕೆ ಇನ್ನೊಂದು. ನಿರಿಗೆ, ಮಡಿಕೆ, ಗುಂಡಿಯ ನೆರಳು ಎಲ್ಲವನ್ನೂ ಕೈಯಿಂದ ಚಿತ್ರಿಸಬೇಕಿತ್ತು. ಎರಡು ಚಿತ್ರಗಳು ಸೊಂಟದಲ್ಲಿ ಕೂಡುವಲ್ಲಿ ಗೆರೆ ತಪ್ಪದಂತೆ ಹೊಂದಿಸುವುದೇ ದೊಡ್ಡ ಪರೀಕ್ಷೆ. ಚೌಕಡಿ ಬಟ್ಟೆಯ ಅಂಗಿ ಹೊಲಿದವರಿಗೆ ಈ ಕಷ್ಟ ಬೇಗ ಅರ್ಥವಾದೀತು.

ಮೈಗೆ ಅಂಟದ ಲಂಗ ಮಾಡಬೇಕಾದರೆ ಡಬ್ಬಿ, ಕೊಳವೆ, ಉಂಡೆಗಳಂತಹ ಸರಳ ಆಕಾರಗಳನ್ನು ಜೋಡಿಸಿ ಸೊಂಟಕ್ಕೆ ಕಟ್ಟುತ್ತಿದ್ದರು. ಇವಕ್ಕೆ ಪ್ರಿಮ್ ಎಂದು ಹೆಸರು. 2006ರಲ್ಲಿ ಬಾಗುವ ಪ್ರಿಮ್ ಬಂದಮೇಲೆ ಲಂಗ ಗಾಳಿಗೆ ತೂಗತೊಡಗಿತು. ತೂಗುವುದೇನೋ ಸರಿ, ಆದರೆ ನಡೆದರೆ ಕಾಲು ಲಂಗವನ್ನು ತೂರಿ ಹೊರಗೆ ಬರುತ್ತಿತ್ತು, ಕುಳಿತರೆ ಲಂಗ ಕುರ್ಚಿಯನ್ನೇ ತೂರುತ್ತಿತ್ತು. 2011ರ ಆಗಸ್ಟಿನಲ್ಲಿ ‘ಮೆಶ್’ ಬಂತು. ಮೆಶ್ ಅಂದರೆ ಬಲೆ. ಚಿಕ್ಕ ಚಿಕ್ಕ ತ್ರಿಕೋನಗಳ ಬಲೆಯಾಗಿ ಉಡುಪಿನ ಆಕಾರವನ್ನು ಹೊರಗೆ ಬೇರೆ ತಂತ್ರಾಂಶದಲ್ಲಿ ಕಟ್ಟಿ, ಆ ಲೋಕದೊಳಕ್ಕೆ ತಂದು, ಅವತಾರದ ಎಲುಬುಗಳಿಗೆ ಬಿಗಿಯುತ್ತಾರೆ. ತೊಡೆಯ ಎಲುಬು ಅಲುಗಿದರೆ ಅದಕ್ಕೆ ಬಿಗಿದ ಬಟ್ಟೆಯೂ ಅಲುಗುತ್ತದೆ. ಒಳಗಿನ ಮೈ ಬಟ್ಟೆಯನ್ನು ಚುಚ್ಚಿ ಹೊರಗೆ ಇಣುಕದಂತೆ ಮೈಯ ಆ ಭಾಗವನ್ನು ಕಾಣದಂತೆ ಮಾಡಿಬಿಡುತ್ತಾರೆ! ನಮ್ಮ ಅಂಗಡಿಯಲ್ಲಿ ಅಂಗಿ ಬಿಗಿಯಾದರೆ ಪಕ್ಕದ ಹೊಲಿಗೆ ಬಿಚ್ಚಿ ಸಡಿಲು ಮಾಡುತ್ತಿದ್ದೆವು. ಅಲ್ಲಿ ಗಿರಾಕಿಯ ಮೈಯನ್ನೇ ಅಳಿಸುತ್ತಾರೆ.

ನನಗೆ ನಿಜವಾಗಿ ಹಿಗ್ಗಾದದ್ದು ಕೊರಿಯಾ ದೇಶದ ‘ಮಾರ್ವೆಲಸ್ ಡಿಸೈನರ್’ ಎಂಬ ತಂತ್ರಾಂಶ ನೋಡಿದಾಗ. ಅದರಲ್ಲಿ ಮುಂಭಾಗ, ಹಿಂಭಾಗ, ತೋಳು, ಕಾಲರು ಎಂದು ನಾವು ಕಾಗದದ ಮೇಲೆ ಕತ್ತರಿಸುವ ಹಾಗೆಯೇ ಚಪ್ಪಟೆ ತುಂಡುಗಳನ್ನು ಬರೆಯಬೇಕು. ಯಾವ ಅಂಚು ಯಾವ ಅಂಚಿಗೆ ಹೊಲಿಗೆ ಎಂದು ತೋರಿಸಬೇಕು. ಬಟ್ಟೆ ಹತ್ತಿಯೋ ಉಣ್ಣೆಯೋ ರೇಷ್ಮೆಯೋ ಹೇಳಬೇಕು. ಆಮೇಲೆ ಗುಂಡಿ ಒತ್ತಿದರೆ ತುಂಡುಗಳು ಕೂಡಿಕೊಂಡು ಗೊಂಬೆಯ ಮೈಮೇಲೆ ಇಳಿಬೀಳುತ್ತವೆ. ನನ್ನ ಸೊಸೆ ತೋಳಿನ ಅಳತೆ ತಪ್ಪಾಗಿ ಹಾಕಿದಾಗ ಕಂಕುಳಲ್ಲಿ ಸುಕ್ಕು ಬಿತ್ತು, ನಮ್ಮ ಅಂಗಡಿಯಲ್ಲಿ ಬೀಳುತ್ತಿದ್ದ ಹಾಗೆಯೇ. ಆದರೆ ಹೀಗೆ ಬಿದ್ದ ನಿರಿಗೆ ಸೆಕೆಂಡ್ ಲೈಫಿಗೆ ಬರುವ ಹೊತ್ತಿಗೆ ಹೆಪ್ಪುಗಟ್ಟಿರುತ್ತದೆ. ಅವತಾರ ಕುಣಿದರೂ ಕುಳಿತರೂ ಅದೇ ನಿರಿಗೆ ಅಲ್ಲೇ ಇರುತ್ತದೆ.

ಬಟ್ಟೆಗೆ ತೂಕವಿಲ್ಲ, ಕೊರತೆಯೂ ಇಲ್ಲ. ನೂರು ಗಜದ ಲಂಗಕ್ಕೂ ಅಂಗೈಯಗಲದ ಕರವಸ್ತ್ರಕ್ಕೂ ಅಲ್ಲಿ ಅರಿವೆಯ ಖರ್ಚು ಒಂದೇ, ಸೊನ್ನೆ. ತಪ್ಪುವುದು ಇಲ್ಲಿಯೇ. ಏಕೆಂದರೆ ಹಳೆಯ ಉಡುಪುಗಳ ಆಕಾರ ಬಹಳ ಸಲ ಕೊರತೆಯಿಂದ ಹುಟ್ಟಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರ ಜೂನ್ 1ರಂದು, ಬ್ರಿಟನ್ನಿನಲ್ಲಿ ಬಟ್ಟೆಗೆ ರೇಷನ್ ಬಂತು. ಮೊದಲ ವರ್ಷ ಒಬ್ಬೊಬ್ಬರಿಗೆ 66 ಕೂಪನ್. ಉಣ್ಣೆಯ ಒಂದು ಉದ್ದುಡುಪಿಗೇ 11 ಕೂಪನ್ ಹೋಗುತ್ತಿತ್ತು. 1942ರಲ್ಲಿ ಇನ್ನೂ ಬಿಗಿ ಮಾಡಿ, ಗುಂಡಿ ಎಷ್ಟಿರಬೇಕು, ಜೇಬು ಎಷ್ಟು, ನಿರಿಗೆ ಎಷ್ಟು ಎಂದು ಸರಕಾರವೇ ಕಟ್ಟಳೆ ಮಾಡಿತು. ಗಂಡಸರ ಪ್ಯಾಂಟಿನ ಕೆಳಗಿನ ಮಡಿಕೆಯನ್ನೂ ನಿಷೇಧಿಸಿತು. ಆ ವರ್ಷಗಳ ಹೆಂಗಸಿನ ಉಡುಪು ಪ್ಯಾಡ್ ಇಟ್ಟ ಚೌಕ ಭುಜದ್ದು; ಕಟ್ಟಳೆಯಿಂದಾಗಿಯೇ ಕಿರಿದಾದ ಲಂಗದ್ದು, ಮೊಣಕಾಲಿನ ಕೆಳಗೆ ತುಸುವೇ ಇಳಿದು ನಿಲ್ಲುವಂಥದ್ದು. ಯುದ್ಧ ಮುಗಿಯಿತು. 1947ರ ಫೆಬ್ರವರಿ 12ರಂದು ಪ್ಯಾರಿಸ್ಸಿನಲ್ಲಿ ಕ್ರಿಶ್ಚಿಯನ್ ಡಿಯೊರ್ ತನ್ನ ಮೊದಲ ಪ್ರದರ್ಶನ ಮಾಡಿದಾಗ ಎಲ್ಲವೂ ತಿರುಗಿಬಿತ್ತು. ಭುಜ ಇಳಿಜಾರಾಯಿತು, ಸೊಂಟ ಹಿಡಿಯಷ್ಟಾಯಿತು, ಲಂಗ ಹತ್ತಾರು ಗಜ ಅರಿವೆ ನುಂಗಿ ಮೀನಗಂಡದವರೆಗೆ ಇಳಿಯಿತು. ‘ನ್ಯೂ ಲುಕ್’ ಎಂಬ ಹೆಸರು ಅದಕ್ಕೆ ಅಂಟಿಕೊಂಡಿತು. ಬ್ರಿಟನ್ನಿನಲ್ಲಿ ಆಗಲೂ ರೇಷನ್ ಇತ್ತು; ಅದು ತೆಗೆದದ್ದು 1949ರ ಮಾರ್ಚಿನಲ್ಲಿ. ಕೂಪನ್ ಲೆಕ್ಕ ಹಾಕುತ್ತಿದ್ದ ಹೆಂಗಸಿಗೆ ಆ ಲಂಗ ನೋಡಿದರೆ ಹೇಗಾಗಿರಬೇಡ!

ಈಗ ಗಣಕದ ಅಂಗಡಿಯಲ್ಲಿ ‘1940ರ ಉಡುಪು’ ಎಂದು ಹೆಸರು ಹಚ್ಚಿ, ಚೌಕ ಭುಜದ ಮೇಲಂಗಿಗೆ ತುಂಬು ಘೇರಿನ ಲಂಗ ಕೂಡಿಸಿ ಮಾರುವುದುಂಟು. ನೋಡಲು ಚೆಂದವೇ. ಆದರೆ ಒಂದು ಭಾಗ ಹಸಿವಿನದು, ಇನ್ನೊಂದು ಭಾಗ ಹಬ್ಬದ್ದು. ಎರಡನ್ನೂ ಒಂದೇ ಮೈಗೆ ತೊಡಿಸಬೇಕಾದರೆ ಅದಕ್ಕೊಂದು ಕಾರಣ ಕಾಣಬೇಕು. ಕಾರಣ ಇಲ್ಲವೆಂದೇನಲ್ಲ. ಆ ಕಾಲದಲ್ಲಿ ಹೊಸ ಲಂಗಕ್ಕೆ ಕೂಪನ್ ಸಾಲದೆ ಹಳೆಯ ಲಂಗಕ್ಕೆ ಬೇರೆ ಬಟ್ಟೆಯ ಪಟ್ಟಿ ಜೋಡಿಸಿ ಉದ್ದ ಮಾಡಿಕೊಂಡವರಿದ್ದರು. ನಮ್ಮಲ್ಲಿ ಬೆಳೆಯುವ ಹುಡುಗಿಯ ಲಂಗಕ್ಕೆ ಪಟ್ಟಿ ಕೊಡುವುದಿಲ್ಲವೇ, ಹಾಗೆ. ಅದನ್ನು ತೋರಿಸಬೇಕೆಂದರೆ ಪಟ್ಟಿಯೂ ಕಾಣಬೇಕು, ಹೊಲಿಗೆಯೂ ಕಾಣಬೇಕು, ಪಟ್ಟಿಯ ಬಣ್ಣ ಸ್ವಲ್ಪ ಬೇರೆಯಾಗಿರಬೇಕು. ನಾವಿಬ್ಬರೂ ಕೂಡಿ ಹಾಗೊಂದು ಲಂಗ ಮಾಡಿದೆವು. ಅಂಗಡಿಯಿಂದ ತಂದ ಬೇರೆಲ್ಲ ಉಡುಪಿಗಿಂತ ನನಗೆ ಅದೇ ಹೆಚ್ಚು ನಿಜವಾಗಿ ಕಂಡಿತು.

ಆದ್ದರಿಂದ ಈ ಕೆಲಸಕ್ಕೆ ಇಳಿಯುವವರಿಗೆ ನನ್ನ ಸಲಹೆ: ದಶಕ ಹಿಡಿಯಬೇಡಿ, ವರ್ಷ ಹಿಡಿಯಿರಿ. ಅವಳು ಯಾವ ಊರಿನವಳು, ಏನು ಕೆಲಸ ಮಾಡುವವಳು, ಕೈಯಲ್ಲಿ ಕಾಸು ಎಷ್ಟು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ನಟಿಯರ ಚಿತ್ರಕ್ಕಿಂತ ಬೀದಿಯ ಫೋಟೋ, ಮದುವೆಯ ಗುಂಪು ಫೋಟೋ ಹೆಚ್ಚು ಕಲಿಸುತ್ತವೆ. ಜಿಪ್ ಎಲ್ಲಿದೆ ನೋಡಿ. 1940ರ ದಶಕದ ಉಡುಪಿನಲ್ಲಿ ಅದು ಸಾಮಾನ್ಯವಾಗಿ ಎಡ ಪಕ್ಕೆಯಲ್ಲಿರುತ್ತಿತ್ತು. ಬೆನ್ನಿನ ಉದ್ದಕ್ಕೆ ಬಂದದ್ದು ಹೆಚ್ಚಾಗಿ 1950ರ ದಶಕದಲ್ಲಿ. ಇನ್ನು ಹೊಳಪು. 2013ರಿಂದ ಅಲ್ಲಿ ಬಟ್ಟೆಯ ಮೇಲೆ ಬೆಳಕು ಹೇಗೆ ಮಿಂಚಬೇಕೆಂದು ಗೊತ್ತುಮಾಡುವ ಸೌಲಭ್ಯ ಇದೆ. ಸೌಲಭ್ಯ ಇದೆಯೆಂದು ಎಲ್ಲಕ್ಕೂ ಬಳಿಯುತ್ತಾರೆ. ಉಣ್ಣೆಗೆ ಹೊಳಪು ಬೇಡ, ತೊಳೆದ ಹತ್ತಿಗೂ ಬೇಡ. ಬಹಳ ದಿನ ತೊಟ್ಟ ಕೋಟಿನ ಮೊಣಕೈಯಲ್ಲಿ ಮಾತ್ರ ಸವೆದು ಸ್ವಲ್ಪ ಮಿಂಚು ಬಂದರೆ ಅಡ್ಡಿಯಿಲ್ಲ.

ಮೈಕಟ್ಟಿನ ಮಾತೂ ಹೇಳಬೇಕು. ಅವತಾರದ ಎತ್ತರ, ಭುಜದ ಅಗಲ, ಸೊಂಟದ ಸುತ್ತಳತೆ ಎಲ್ಲಕ್ಕೂ 0ರಿಂದ 100ರವರೆಗೆ ಅಂಕಿಗಳಿವೆ, ಬೇಕಾದಂತೆ ಏರಿಸಬಹುದು ಇಳಿಸಬಹುದು. ಅಲ್ಲಿ ಏಳಡಿ ಮೀರಿದವರು ಬೇಕಾದಷ್ಟು! 1920ರ ದಶಕದ ಉಡುಪು ಎದೆ ಸೊಂಟಗಳನ್ನು ಮರೆಸಿ, ನಡುವನ್ನು ಪೃಷ್ಠದ ಮಟ್ಟಕ್ಕೆ ಇಳಿಸಿದ ನೇರ ಉಡುಪು. ಅದನ್ನು ಮರಳು ಗಡಿಯಾರದಂತಹ ಮೈಗೆ ತೊಡಿಸಿದರೆ ವೇಷ ಕೆಟ್ಟಂತೆಯೇ. ಇದಕ್ಕೊಂದು ತೊಡಕೂ ಇದೆ. ಇಂದು ಹೆಚ್ಚಿನವರು ಹುಟ್ಟು ಅವತಾರದ ಮೇಲೆ ಬೇರೆಯವರು ಮಾಡಿದ ಮೆಶ್ ಮೈ ತೊಡುತ್ತಾರೆ. ಹೆಸರಾದ ಒಂದರ ಹೆಸರು ‘ಮೈತ್ರೇಯ ಲಾರಾ’; ಇಲ್ಲಿಯೂ ನೋಡಿ, ಅರ್ಧ ಹೆಸರು ನಮ್ಮದೇ. ಒಂದು ಮೈಗೆ ಮಾಡಿದ ಉಡುಪು ಇನ್ನೊಂದು ಮೈಗೆ ಕೂರುವುದಿಲ್ಲ. ಬಿಚ್ಚಿ ಹೊಲಿಯಲು ಅಲ್ಲಿ ಹೊಲಿಗೆಯೇ ಇಲ್ಲ.

ಕಾಲುಚೀಲದ ಕಥೆ ಹೇಳದೆ ಮುಂದೆ ಹೋಗಲಾರೆ. ನೈಲಾನ್ ಕಾಲುಚೀಲ ಅಮೆರಿಕದ ಅಂಗಡಿಗಳಿಗೆಲ್ಲ ಬಂದದ್ದು 1940ರ ಮೇ 15ರಂದು. ಹಿಂದೆಯೇ ಯುದ್ಧ ಬಂದು ನೈಲಾನೆಲ್ಲ ಪ್ಯಾರಾಶೂಟಿಗೆ ಹೋಯಿತು. ಆಗ ಹೆಂಗಸರು ಬರಿಗಾಲಿಗೆ ಬಣ್ಣ ಬಳಿದು, ಹಿಂಭಾಗದಲ್ಲಿ ಪೆನ್ಸಿಲಿನಿಂದ ಉದ್ದಕ್ಕೆ ಗೆರೆ ಎಳೆದುಕೊಂಡು, ಅದೇ ಹೊಲಿಗೆಯ ಗೆರೆ ಎಂಬಂತೆ ನಡೆದರು. ಈಗ ಅವತಾರದ ಕಾಲುಚೀಲವೂ ಬಳಿದ ಬಣ್ಣವೇ! ಹಾಗಾಗಿ ಅಲ್ಲಿ ನಿಜವಾದ ಕಾಲುಚೀಲ ಯಾವುದು, ಸುಳ್ಳು ಕಾಲುಚೀಲ ಯಾವುದು ಎಂದು ತೋರಿಸುವುದು ಹೇಗೆ? ನನ್ನ ಸೊಸೆ ಉಪಾಯ ಕಂಡಳು. ಗೆರೆಯನ್ನು ಒಂದು ಕಡೆ ಕೂದಲೆಳೆಯಷ್ಟು ಸೊಟ್ಟ ಎಳೆದಳು.

ಇಷ್ಟೆಲ್ಲ ಮಾಡಿ ಎಲ್ಲಿಗೆ ಹೋಗುವುದು? ಇಂಥ ಉಡುಪನ್ನು ಕೇಳಿ ಒಳಗೆ ಬಿಡುವ ಊರುಗಳೇ ಅಲ್ಲಿವೆ. 2009ರಲ್ಲಿ ಶುರುವಾದ ‘1920ರ ಬರ್ಲಿನ್’ ಎಂಬ ಊರು ಪ್ರಸಿದ್ಧ. ಜರ್ಮನಿಯ ರಾಜಧಾನಿಯನ್ನು ಆ ದಶಕದ ಕೊನೆಯಲ್ಲಿ ಇದ್ದ ಹಾಗೆ, ಬಡಕೇರಿ ಹೆಂಡದಂಗಡಿ ಸಮೇತ ಕಟ್ಟಲು ಹೊರಟ ಪ್ರಯತ್ನ ಅದು. ಆ ಕಾಲಕ್ಕೆ ಒಪ್ಪುವ ಬಟ್ಟೆ ತೊಟ್ಟೇ ಬೀದಿಗೆ ಇಳಿಯಬೇಕೆಂಬ ನಿಯಮ. ಇಲ್ಲದವರಿಗೆ ಪುಕ್ಕಟೆ ಬಟ್ಟೆಯನ್ನೂ ಇಟ್ಟಿದ್ದರು. ಹಾಗೆ ಕೊಟ್ಟ ಸಾದಾ ಕೋಟು ತೊಟ್ಟವನು ಬಾಡಿಗೆ ಕೋಣೆಯ ಬಡವನಾಗಿಯೇ ಬೀದಿಯಲ್ಲಿ ನಿಲ್ಲಬಹುದು. ನನಗೆ ಮೆಚ್ಚಿಗೆಯಾದ ಸಂಗತಿ ಇದು. ಹಳೆಯ ಕಾಲ ಅಂದರೆ ಮುತ್ತಿನ ಸರ, ಉದ್ದ ಸಿಗರೇಟು ಕೊಳವೆ ಎಂದುಕೊಂಡವರಿಗೆ ಅಲ್ಲಿ ತೇಪೆಯ ಬೆಲೆ ತಿಳಿಯುತ್ತದೆ.

ಇನ್ನು ನನ್ನ ಮನಸ್ಸು ಕೊರೆಯುವ ಒಂದು ವಿಷಯ. ಹಳೆಯ ಉಡುಪು ನಮಗೇಕೆ ಪ್ರಿಯ? ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ಬಂದದ್ದು ಅದು. ಸೆಕೆಂಡ್ ಲೈಫಿನಲ್ಲಿ ಕೊಂಡ ಪ್ರತಿ ವಸ್ತುವಿಗೆ ಮೂರು ಅಪ್ಪಣೆಗಳಿರುತ್ತವೆ: ನಕಲು ಮಾಡಬಹುದೇ, ಬದಲಾಯಿಸಬಹುದೇ, ಇನ್ನೊಬ್ಬರಿಗೆ ಕೊಡಬಹುದೇ. ಮಾರುವವರು ಸಾಧಾರಣವಾಗಿ ನಕಲು ಕೊಟ್ಟರೆ ದಾನ ಕೊಡುವುದಿಲ್ಲ, ದಾನ ಕೊಟ್ಟರೆ ನಕಲು ಕೊಡುವುದಿಲ್ಲ. ಅವರ ಹೊಟ್ಟೆಪಾಡಿನ ದೃಷ್ಟಿಯಿಂದ ಅದು ನ್ಯಾಯವೇ. ಮಾಡಿದ ವಸ್ತುವಿನ ಹಕ್ಕು ಮಾಡಿದವರದೇ ಎಂದು ಲಿಂಡೆನ್ ಲ್ಯಾಬ್ 2003ರ ನವೆಂಬರಿನಲ್ಲಿ ಸಾರಿದ್ದರಿಂದಲೇ ಇಷ್ಟು ಜನ ಅಲ್ಲಿ ಅಂಗಡಿ ತೆರೆದರು. ಆದರೆ ಫಲ ಏನಾಯಿತು? ಅವತಾರದ ಪೆಟ್ಟಿಗೆಯಲ್ಲಿ ಅಜ್ಜಿಯ ಕಾಲದ ಹಾಗೆ ಕಾಣುವ ನೂರಾರು ಉಡುಪು. ಮೊಮ್ಮಗಳಿಗೆ ಕೊಡಬಹುದಾದವು ಬೆರಳೆಣಿಕೆ. ಲೋಕವೇ ಮುಚ್ಚಿದರಂತೂ ಅದೂ ಇಲ್ಲ. ‘ದೇರ್’ ಎಂಬ ಇಂಥದೇ ಇನ್ನೊಂದು ಲೋಕ 2010ರ ಮಾರ್ಚಿನಲ್ಲಿ ಬಾಗಿಲು ಹಾಕಿತು. 2012ರಲ್ಲಿ ಮತ್ತೆ ತೆರೆಯಿತು ನಿಜ. ನಡುವಿನ ಎರಡು ವರ್ಷ ಅಲ್ಲಿನವರ ಬಟ್ಟೆಬರೆ ಎಲ್ಲಿತ್ತು ಎಂದು ನಾನು ಕೇಳಿದರೆ ಸೊಸೆ ನಕ್ಕಳು, ಉತ್ತರ ಕೊಡಲಿಲ್ಲ.

ಆ ಮಾತು ಅವಳ ತಲೆಯಲ್ಲಿ ಕೂತಿರಬೇಕು. ಸಂಕ್ರಾಂತಿಗೆ ಬಂದಾಗ ನಮ್ಮ ತಾಯಿಯ ಟ್ರಂಕು ತೆಗೆಸಿ ಇಳಕಲ್ ಸೀರೆಯನ್ನು ಹೊರಗೆ ಎಳೆದಳು. ಚಿಕ್ಕಿ ಪರಾಸ ಅಂಚು, ಕೆಂಪು ಬಿಳಿಯ ತೋಪ ತೆನಿ ಸೆರಗು. ಸೀರೆಗಳು ಆ ಲೋಕದಲ್ಲಿ ಇಲ್ಲವೆಂದಲ್ಲ, ಮಾರಾಟಕ್ಕೆ ಇವೆ. ಆದರೆ ಹೊಲಿಗೆಯಿಲ್ಲದ ಸೀರೆಯನ್ನು ಮೆಶ್ ಮಾಡಿದಾಗ ಅದು ಹೊಲಿದ ಉಡುಪೇ ಆಗಿಬಿಡುತ್ತದೆ. ಸೆರಗನ್ನು ತಲೆಗೆ ಎಳೆದುಕೊಳ್ಳಲು ಬರುವುದಿಲ್ಲ, ಸೊಂಟಕ್ಕೆ ಸಿಕ್ಕಿಸಲು ಬರುವುದಿಲ್ಲ. ಅದಕ್ಕೆ ಅವಳು ಒಂದೇ ಸೀರೆಯನ್ನು ಮೂರು ಬಗೆಯಲ್ಲಿ ಉಟ್ಟ ಹಾಗೆ ಬೇರೆ ಬೇರೆಯಾಗಿ ಕಟ್ಟುತ್ತಿದ್ದಾಳೆ: ಸೆರಗು ತಲೆಯ ಮೇಲಿದ್ದುದು ಒಂದು, ಹೆಗಲ ಮೇಲಿದ್ದುದು ಒಂದು, ಕೆಲಸಕ್ಕೆ ನಿಂತಾಗ ಸಿಕ್ಕಿಸಿದ್ದು ಒಂದು. ಮೋಡ ಕವಿದ ಮಧ್ಯಾಹ್ನ ನೋಡಿ ಮಾಳಿಗೆಯ ಮೇಲೆ ಸೀರೆ ಹಾಸಿ ಫೋಟೋ ತೆಗೆದೆವು. ಬಿಸಿಲಿದ್ದರೆ ನೆರಳೂ ಬಟ್ಟೆಯೊಳಗೇ ಅಚ್ಚಾಗಿಬಿಡುತ್ತದೆ.

ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕುಣಿಕೆ ಹಾಕಿ ಕೂಡಿಸುತ್ತಾರೆ; ಅದಕ್ಕೆ ಕೊಂಡಿ ಎನ್ನುತ್ತಾರೆ. ಸೀರೆಯನ್ನೆಲ್ಲ 1024 ಚುಕ್ಕೆಗಳ ಚೌಕಕ್ಕೆ ಇಳಿಸಿದಾಗ ಆ ಕೊಂಡಿಯ ಸಾಲು ಮಾಯವಾಗಿ, ಸೆರಗು ಒಡಲಿಗೆ ಅಂಟಿಸಿದ ಹಾಗೆ ಕಂಡಿತು. ಅಷ್ಟು ಭಾಗಕ್ಕೆ ಬೇರೆಯೇ ಒಂದು ಚಿತ್ರ ಮಾಡೋಣವೆಂದು ಹೊರಟಿದ್ದೇವೆ. ಮಾಡಿದವಳು ತಾನೇ ಆದ್ದರಿಂದ ಅಪ್ಪಣೆಯೂ ಅವಳದೇ. ನಕಲು, ಬದಲಾವಣೆ, ದಾನ ಮೂರನ್ನೂ ಬಿಟ್ಟುಕೊಡುತ್ತಾಳಂತೆ. ಮೊನ್ನೆ ಪುಣೆಯಿಂದ ಫೋನು ಮಾಡಿ, “ಮಾಮಾ, ಅಂಚಿನ ಹತ್ರ ಅಜ್ಜಿ ರಫು ಮಾಡ್ಯಾಳಲ್ಲ, ಅದನ್ನ ಅಳಸ್ಲೇನು?” ಎಂದು ಕೇಳಿದಳು. ಬ್ಯಾಡ ಅಂದೆ.